ನಿಂತಿತೋ, ನಿಲ್ಲಿಸಿದರೋ, ಬಿಟ್ಟರೋ? ಇಂಗ್ಲಿಷಿನ ‘ಸ್ಟಾಪ್’ ಸರಿಯಾಗಿ ಬಳಸುವುದು ಹೇಗೆ

ಶಿವಮೊಗ್ಗದಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಡಿಗ್ರಿ ಓದುವವರು ಬರುತ್ತಾರೆ, ಹೋಂಸ್ಟೇ ನಡೆಸುವವರು, ಮಂಡಿಯಲ್ಲಿ ಲೆಕ್ಕ ಬರೆಯುವವರು, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟವರು, ಮಕ್ಕಳ ಹೋಂವರ್ಕ್ ತಾವೇ ನೋಡಬೇಕು ಅಂತ ಬರುವ ತಾಯಂದಿರು. ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ‘ಸ್ಟಾಪ್’ ಆದ ಮೇಲೆ ‘ಟು’ ಹಾಕಬೇಕಾ, ‘ಇಂಗ್’ ಹಾಕಬೇಕಾ? ವಾಟ್ಸಾಪ್‌ನಲ್ಲೂ ಅದೇ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನಿಸಿತು.

ತಪ್ಪಾದರೆ ಏನಾಗುತ್ತದೆ ನೋಡಿ. ತೀರ್ಥಹಳ್ಳಿ ಕಡೆ ಒಂದು ಹಳ್ಳದ ದಂಡೆಯಲ್ಲಿ ತಗಡಿನ ಬೋರ್ಡ್ ಇತ್ತು. ಬಿಳಿ ಬಣ್ಣ ಬಳಿದು, ಮೇಲೆ ಕೆಂಪು ಅಕ್ಷರದಲ್ಲಿ ಕೈಯಲ್ಲೇ ಬರೆದದ್ದು: ‘ಪ್ಲೀಸ್ ಸ್ಟಾಪ್ ಟು ಥ್ರೋ ಪ್ಲಾಸ್ಟಿಕ್ ಹಿಯರ್’. ಬರೆದವರ ಮನಸ್ಸಿನಲ್ಲಿದ್ದದ್ದು ‘ಇಲ್ಲಿ ಪ್ಲಾಸ್ಟಿಕ್ ಎಸೆಯುವುದನ್ನು ನಿಲ್ಲಿಸಿ’ ಅಂತ. ಇಂಗ್ಲಿಷ್ ಬಲ್ಲವರು ಓದಿದರೆ ಸಿಗುವ ಅರ್ಥ ‘ಪ್ಲಾಸ್ಟಿಕ್ ಎಸೆಯಲು ದಯವಿಟ್ಟು ಇಲ್ಲಿ ನಿಲ್ಲಿ’. ಹಳ್ಳ ಚೆನ್ನಾಗಿರಲಿ ಅಂತ ಕೈಯಿಂದ ದುಡ್ಡು ಹಾಕಿ ಬೋರ್ಡ್ ನಿಲ್ಲಿಸಿದವರ ಮಾತು ಹೀಗೆ ತಿರುಗುಮುರುಗಾಗಬಾರದು.

ಮೊದಲು ಏನೇನು ಬೇಕು ಅಂತ ಹೇಳಿಬಿಡುತ್ತೇನೆ. ಒಂದು ನೋಟ್‌ಬುಕ್, ಒಂದು ಪೆನ್ನು, ಅರ್ಧ ಗಂಟೆ. ಮೂರು ಪದಗಳ ಅರ್ಥ ಗೊತ್ತಿದ್ದರೆ ಸಾಕು. ‘ಇಂಗ್ ರೂಪ’ ಅಂದರೆ ಕ್ರಿಯಾಪದಕ್ಕೆ ಇಂಗ್ ಸೇರಿದ್ದು: ವಾಕಿಂಗ್, ಟಾಕಿಂಗ್. ಕನ್ನಡದಲ್ಲಿ ‘ನಡೆಯುವುದು’, ‘ಮಾತಾಡುವುದು’ ಅಂದ ಹಾಗೆ. ‘ಟು ರೂಪ’ ಅಂದರೆ ಟು ವಾಕ್, ಟು ಟಾಕ್. ನಮ್ಮ ‘ನಡೆಯಲು’, ‘ಮಾತಾಡೋಕೆ’. ಇನ್ನು ‘ಕರ್ಮ’ ಅಂದರೆ ಕೆಲಸ ಯಾರ ಮೇಲೆ, ಯಾವುದರ ಮೇಲೆ ಆಯಿತೋ ಅದು. ‘ಡ್ರೈವರ್ ಬಸ್ ನಿಲ್ಲಿಸಿದ’ ಅನ್ನುವಾಗ ಬಸ್ ಕರ್ಮ.

ಇಂಗ್ಲಿಷ್ ವಾಕ್ಯಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿ. ‘ಸ್ಟಾಪ್ಟ್’ ಅಂತ ಕಂಡರೆ ಅದು ಸ್ಟಾಪ್‌ನ ಭೂತಕಾಲ.

ಹಂತ 1: ‘ನಿಲ್ಲು’ ಅಂದಿದ್ದೆಲ್ಲ ‘ಸ್ಟಾಪ್’ ಅಲ್ಲ

ನಮ್ಮವರ ಅರ್ಧ ತಪ್ಪು ಇಂಗ್ಲಿಷಿನಿಂದ ಆಗುವುದಲ್ಲ, ಕನ್ನಡದ ‘ನಿಲ್ಲು’ ಪದದಿಂದ ಆಗುವುದು. ಅದು ಎಷ್ಟು ಕೆಲಸ ಮಾಡುತ್ತದೆ ಅಂತ ನಾವು ಯಾವತ್ತೂ ಕೂತು ಯೋಚಿಸಿರುವುದಿಲ್ಲ, ಯಾಕಂದರೆ ಹುಟ್ಟಿದಾಗಿನಿಂದ ಆಡುತ್ತಿರುವ ಪದ ಅದು.

ಈ ಎರಡು ವಾಕ್ಯ ನೋಡಿ. ‘ಮಳೆ ನಿಂತಿದೆ.’ ‘ತೋಟದಲ್ಲಿ ನೀರು ನಿಂತಿದೆ.’ ಕ್ರಿಯಾಪದ ಒಂದೇ. ಆದರೆ ಮೊದಲನೆಯದರಲ್ಲಿ ಮಳೆ ಇಲ್ಲ, ಎರಡನೆಯದರಲ್ಲಿ ನೀರು ಇದೆ, ಜಾಸ್ತಿಯೇ ಇದೆ, ಅಡಿಕೆ ಮರದ ಬುಡ ಕೊಳೆಯುವಷ್ಟು ಇದೆ. ಮೊದಲನೆಯದಕ್ಕೆ ‘ದ ರೈನ್ ಹ್ಯಾಸ್ ಸ್ಟಾಪ್ಟ್’ ಸರಿ. ಎರಡನೆಯದಕ್ಕೆ ‘ವಾಟರ್ ಹ್ಯಾಸ್ ಸ್ಟಾಪ್ಟ್ ಇನ್ ದ ಗಾರ್ಡನ್’ ಅಂದರೆ ಕೇಳಿದವರು ತೋಟಕ್ಕೆ ನೀರು ಬರುತ್ತಿಲ್ಲ ಅಂದುಕೊಳ್ಳುತ್ತಾರೆ. ಬಸಿಗಾಲುವೆ ತೆಗೆಯಿರಿ ಅನ್ನುವ ಬದಲು ಪಂಪ್ ನೋಡಿಸಿ ಅಂತ ಸಲಹೆ ಕೊಡುತ್ತಾರೆ. ಅಲ್ಲಿ ಹೇಳಬೇಕಾದ್ದು ‘ವಾಟರ್ ಈಸ್ ಸ್ಟ್ಯಾಂಡಿಂಗ್ ಇನ್ ದ ಗಾರ್ಡನ್’.

ಅಂದರೆ ‘ನಿಲ್ಲು’ ಪದದೊಳಗೆ ಸ್ಟಾಪ್ ಕೂಡ ಇದೆ, ಸ್ಟ್ಯಾಂಡ್ ಕೂಡ ಇದೆ. ಹಾಗಾಗಿ ಬಾಯಿ ತೆರೆಯುವ ಮುಂಚೆ ಒಂದು ಪ್ರಶ್ನೆ ಹಾಕಿಕೊಳ್ಳಿ: ನಡೆಯುತ್ತಿದ್ದದ್ದು ಈಗ ನಡೆಯುತ್ತಿಲ್ಲವಾ? ಹೌದಾದರೆ ಸ್ಟಾಪ್. ಇಲ್ಲವಾದರೆ ಬೇರೆ ಪದ ಹುಡುಕಿ. ಜಾಸ್ತಿ ಕಾಡುವ ಕೆಲವು ವಾಕ್ಯ ಇಲ್ಲಿವೆ.

‘ಕಾರು ಎಲ್ಲಿ ನಿಲ್ಲಿಸಿದ್ದೀರಿ?’ ಇದಕ್ಕೆ ‘ವೇರ್ ಡಿಡ್ ಯು ಸ್ಟಾಪ್ ದ ಕಾರ್’ ಬೇಡ. ಅದು ದಾರಿಯಲ್ಲಿ ಎಲ್ಲಿ ಬ್ರೇಕ್ ಹಾಕಿದಿರಿ ಅಂದ ಹಾಗೆ. ‘ವೇರ್ ಹ್ಯಾವ್ ಯು ಪಾರ್ಕ್ಡ್’ ಅನ್ನಿ.

‘ಲಿಂಗನಮಕ್ಕಿ ಅಣೆಕಟ್ಟಿನಲ್ಲಿ 1819 ಅಡಿವರೆಗೆ ನೀರು ನಿಲ್ಲಿಸುತ್ತಾರೆ’ ಅನ್ನುವಾಗ ನಿಲ್ಲಿಸು ಅಂದರೆ ಕೂಡಿಡು. ‘ಸ್ಟೋರ್’ ಬಳಸಿ.

‘ಎಲೆಕ್ಷನ್‌ಗೆ ನಿಂತಿದ್ದಾರೆ’ ಅಂದರೆ ‘ಸ್ಟ್ಯಾಂಡಿಂಗ್ ಫಾರ್ ಎಲೆಕ್ಷನ್’. ‘ಮದುವೆ ನಿಂತುಹೋಯಿತು’ ಅಂದರೆ ‘ದ ವೆಡ್ಡಿಂಗ್ ವಾಸ್ ಕಾಲ್ಡ್ ಆಫ್’. ಇಲ್ಲಿ ಸ್ಟಾಪ್ಟ್ ಅಂದರೆ ತಾಳಿ ಕಟ್ಟುವ ಹೊತ್ತಿಗೆ ಯಾರೋ ಬಂದು ತಡೆದರು ಅನ್ನುವ ಚಿತ್ರ ಬರುತ್ತದೆ.

‘ಓದು ನಿಲ್ಲಿಸಿದ’ ಅನ್ನುವುದಕ್ಕೆ ‘ಹಿ ಸ್ಟಾಪ್ಟ್ ಸ್ಟಡಿಯಿಂಗ್’ ತಪ್ಪೇನಲ್ಲ. ಆದರೆ ಅದು ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚಿದ ಅಂತಲೂ ಆಗಬಹುದು. ಕಾಲೇಜೇ ಬಿಟ್ಟ ಅನ್ನಬೇಕಾದರೆ ‘ಹಿ ಡ್ರಾಪ್ಟ್ ಔಟ್’. ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆಯೇ ಹೇಳುವಾಗ ‘ಐ ಡಿಸ್ಕಂಟಿನ್ಯೂಡ್ ಮೈ ಸ್ಟಡೀಸ್’ ಅಂದರೆ ಗಂಭೀರವಾಗಿ ಕೇಳಿಸುತ್ತದೆ.

ಮಲೆನಾಡಿಗರಿಗೆ ಮಾತ್ರ ಇನ್ನೊಂದು. ‘ಸ್ವಲ್ಪ ಹೊಳವಾಗಿದೆ, ಬೇಗ ಅಂಗಡಿಗೆ ಹೋಗಿ ಬಾ’ ಅನ್ನುತ್ತೇವಲ್ಲ, ಆ ಹೊಳವು ಪೂರ್ತಿ ನಿಂತದ್ದಲ್ಲ, ಮತ್ತೆ ಹಿಡಿಯುವ ಮಳೆಯ ನಡುವಿನ ಬಿಡುವು. ಅದಕ್ಕೆ ಇಂಗ್ಲಿಷಿನಲ್ಲಿ ‘ದ ರೈನ್ ಹ್ಯಾಸ್ ಲೆಟ್ ಅಪ್’ ಅಂತಾರೆ. ನನಗೆ ತುಂಬ ಇಷ್ಟವಾದ ಜೋಡಿ ಇದು, ಎರಡೂ ಭಾಷೆ ಆ ಬಿಡುವಿಗೆ ಬೇರೆಯೇ ಮಾತು ಇಟ್ಟುಕೊಂಡಿವೆ.

ಹಂತ 2: ನಿಂತಿತು, ನಿಲ್ಲಿಸಿದ ಎರಡಕ್ಕೂ ಒಂದೇ ಪದ

ಇದು ಸುಲಭ. ಕನ್ನಡದಲ್ಲಿ ‘ಇಸು’ ಸೇರಿಸುತ್ತೇವೆ: ನಿಲ್ಲು, ನಿಲ್ಲಿಸು. ಇಂಗ್ಲಿಷಿನಲ್ಲಿ ಅಂಥದ್ದೇನೂ ಇಲ್ಲ. ‘ದ ಬಸ್ ಸ್ಟಾಪ್ಟ್’ ಅಂದರೆ ಬಸ್ ನಿಂತಿತು. ‘ದ ಡ್ರೈವರ್ ಸ್ಟಾಪ್ಟ್ ದ ಬಸ್’ ಅಂದರೆ ನಿಲ್ಲಿಸಿದ. ಪದ ಅದೇ, ಜಾಗ ಮಾತ್ರ ಬೇರೆ.

ಎಡವುವುದು ಎಲ್ಲಿ ಅಂದರೆ, ‘ಇಸು’ವನ್ನು ಇಂಗ್ಲಿಷಿಗೂ ಎಳೆದು ತಂದು ‘ಮೇಡ್ ದ ಬಸ್ ಟು ಸ್ಟಾಪ್’ ಅನ್ನುವುದು. ಬೇಡ. ಸುಮ್ನೆ ‘ಸ್ಟಾಪ್ಟ್ ದ ಬಸ್’ ಸಾಕು. ‘ಈ ಬಸ್ ಸಕ್ರೆಬೈಲಿನಲ್ಲಿ ನಿಲ್ಲುತ್ತಾ?’ ಅಂತ ಕೇಳುವುದಕ್ಕೆ ‘ಡಸ್ ದಿಸ್ ಬಸ್ ಸ್ಟಾಪ್ ಅಟ್ ಸಕ್ರೆಬೈಲು?’ ಅನ್ನಿ. ‘ಇಸ್ ದ ಬಸ್ ಸ್ಟಾಪಿಂಗ್’ ಅಂದರೆ ಈಗ ನಿಧಾನವಾಗುತ್ತಿದೆಯಾ ಅಂದ ಹಾಗೂ ಕೇಳಿಸಬಹುದು.

ಹಂತ 3: ಕನ್ನಡ ವಾಕ್ಯದ ಬಾಲ ನೋಡಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಇದಕ್ಕೆ ಸಮಯ ಕೊಡಿ.

ನಿಯಮ ಹೀಗಿದೆ. ‘ಸ್ಟಾಪ್’ ಮುಂದೆ ಇಂಗ್ ರೂಪ ಬಂದರೆ ಆ ಕೆಲಸವೇ ನಿಂತಿತು. ಟು ರೂಪ ಬಂದರೆ ಆ ಕೆಲಸ ಮಾಡುವುದಕ್ಕೋಸ್ಕರ ಬೇರೆ ಏನನ್ನೋ ನಿಲ್ಲಿಸಿದರು. ನಿಯಮ ಎಲ್ಲ ಪುಸ್ತಕದಲ್ಲೂ ಇದೆ, ಆದರೂ ಮಾತಾಡುವಾಗ ನೆನಪಾಗುವುದಿಲ್ಲ, ಅಲ್ವಾ? ಅದಕ್ಕೇ ನಾನು ನಿಯಮ ಬಾಯಿಪಾಠ ಮಾಡಿಸುವುದಿಲ್ಲ. ನಿಮ್ಮ ತಲೆಯಲ್ಲಿ ಮೊದಲು ಬರುವ ಕನ್ನಡ ವಾಕ್ಯದ ಬಾಲ ನೋಡಿ ಅನ್ನುತ್ತೇನೆ.

‘ದು’ ಅಥವಾ ‘ದನ್ನ’ ಇದ್ದರೆ ಇಂಗ್. ‘ಲು’ ಅಥವಾ ‘ಓಕೆ’ ಇದ್ದರೆ ಟು.

ಆಗುಂಬೆಗೆ ಹೋದಿರಿ ಅಂತ ಇಟ್ಟುಕೊಳ್ಳಿ. ‘ಸೂರ್ಯಾಸ್ತ ನೋಡೋಕೆ ನಿಂತೆವು.’ ಓಕೆ ಇದೆ, ಹಾಗಾಗಿ ಟು: ‘ವಿ ಸ್ಟಾಪ್ಟ್ ಟು ವಾಚ್ ದ ಸನ್‌ಸೆಟ್’. ಮೋಡ ಮುಸುಕಿತು, ಇನ್ನು ಕಾಣಲ್ಲ ಅಂತ ಬೇಜಾರಾಗಿ ‘ನೋಡೋದನ್ನ ನಿಲ್ಲಿಸಿದೆವು’. ದನ್ನ ಇದೆ: ‘ವಿ ಸ್ಟಾಪ್ಟ್ ವಾಚಿಂಗ್’.

ಇನ್ನೊಂದು. ತೋಟದ ದಾರಿಯಲ್ಲಿ ಅಜ್ಜ ನಡೆದು ಬರುತ್ತಿದ್ದಾರೆ. ಸಂಕದ, ಅಂದರೆ ಕಾಲುಸೇತುವೆಯ, ಹತ್ತಿರ ನಿಂತರು, ಕವಳದ (ಎಲೆಅಡಿಕೆಯ) ಚೀಲ ಬಿಚ್ಚಿದರು, ಎಲೆಯ ತೊಟ್ಟು ಮುರಿದು ಸುಣ್ಣ ಸವರಿದರು. ‘ಅಜ್ಜ ಕವಳ ಹಾಕೋಕೆ ನಿಂತರು’: ‘ಅಜ್ಜ ಸ್ಟಾಪ್ಟ್ ಟು ಚ್ಯೂ ಕವಳ’. ಡಾಕ್ಟರು ಬೇಡ ಅಂದ ಮೇಲೆ ‘ಅಜ್ಜ ಕವಳ ಹಾಕೋದನ್ನ ನಿಲ್ಲಿಸಿದರು’: ‘ಅಜ್ಜ ಸ್ಟಾಪ್ಟ್ ಚ್ಯೂಯಿಂಗ್ ಕವಳ’. ಒಂದರಲ್ಲಿ ಬಾಯಿ ಕೆಂಪಾಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ಈ ಜೋಡಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಎರಡೂ ಬಾಲ ಒಂದೇ ವಾಕ್ಯದಲ್ಲಿ ಬರಬಹುದು. ‘ಕವಳ ಹಾಕೋಕೆ ಅಂತ ಅಜ್ಜ ನಡೆಯೋದನ್ನ ನಿಲ್ಲಿಸಿದರು’: ‘ಅಜ್ಜ ಸ್ಟಾಪ್ಟ್ ವಾಕಿಂಗ್ ಟು ಚ್ಯೂ ಕವಳ’. ನಿಂತದ್ದು ನಡಿಗೆ, ಉದ್ದೇಶ ಕವಳ. ನಿಜ ಹೇಳಬೇಕು ಅಂದರೆ ‘ಸ್ಟಾಪ್ಟ್ ಟು’ ಅನ್ನುವ ಪ್ರತಿ ವಾಕ್ಯದೊಳಗೂ ಹೀಗೆ ಒಂದು ಇಂಗ್ ಅಡಗಿ ಕೂತಿರುತ್ತದೆ, ಯಾವ ಕೆಲಸ ನಿಂತಿತು ಅಂತ ಗೊತ್ತೇ ಇರುವುದರಿಂದ ಅದನ್ನು ಹೇಳುವುದಿಲ್ಲ ಅಷ್ಟೇ.

ಮೂರು ಕಡೆ ಎಚ್ಚರ ಬೇಕು.

ಒಂದು, ‘ಸ್ಟಾರ್ಟ್’ ನೋಡಿ ಮೋಸ ಹೋಗಬೇಡಿ. ‘ಇಟ್ ಸ್ಟಾರ್ಟೆಡ್ ಟು ರೈನ್’, ‘ಇಟ್ ಸ್ಟಾರ್ಟೆಡ್ ರೈನಿಂಗ್’ ಎರಡೂ ಸರಿ, ಅರ್ಥವೂ ಒಂದೇ. ಅದನ್ನೇ ನೆನಪಿಟ್ಟುಕೊಂಡು ‘ಇಟ್ ಸ್ಟಾಪ್ಟ್ ಟು ರೈನ್’ ಅನ್ನುತ್ತಾರೆ. ಅದು ತಪ್ಪು. ‘ಇಟ್ ಸ್ಟಾಪ್ಟ್ ರೈನಿಂಗ್’ ಮಾತ್ರ.

ಎರಡು, ‘ತಾ ನಿಂತೆ’. ಇದು ದೊಡ್ಡ ಗುಂಡಿ. ‘ಗಾಂಧಿ ಬಜಾರಿನಲ್ಲಿ ಸ್ನೇಹಿತನ ಹತ್ತಿರ ಮಾತಾಡ್ತಾ ನಿಂತೆ’ ಅನ್ನುವುದನ್ನು ‘ಐ ಸ್ಟಾಪ್ಟ್ ಟಾಕಿಂಗ್’ ಅಂತ ಬರೆದವರು ನನ್ನ ತರಗತಿಯಲ್ಲಿ ಲೆಕ್ಕವಿಲ್ಲದಷ್ಟು ಜನ. ಮಾತಾಡ್ತಾ ಅಂದರೆ ಟಾಕಿಂಗ್, ನಿಂತೆ ಅಂದರೆ ಸ್ಟಾಪ್ಟ್, ಸೇರಿಸಿದರೆ ಆಯಿತು ಅನ್ನುವ ಲೆಕ್ಕ. ಆದರೆ ಅದರ ಅರ್ಥ ಮಾತು ಬಿಟ್ಟೆ ಅಂತ! ಇಲ್ಲಿ ನಿಂತೆ ಅಂದರೆ ಕಾಲ ಮೇಲೆ ನಿಂತಿದ್ದು. ‘ಐ ಸ್ಟುಡ್ ಟಾಕಿಂಗ್’ ಅಂತ ಆಗಬೇಕು. ಬಾಲದಲ್ಲಿ ‘ತಾ’ ಕಂಡರೆ ಸ್ಟಾಪ್ ಬಿಟ್ಟು ಸ್ಟ್ಯಾಂಡ್ ಹಿಡಿಯಿರಿ.

ಮೂರು, ಔಷಧಿಯ ಮಾತು. ‘ಡೋಂಟ್ ಸ್ಟಾಪ್ ಟೇಕಿಂಗ್ ದ ಟ್ಯಾಬ್ಲೆಟ್ಸ್’ ಅಂದರೆ ಮಾತ್ರೆ ತಗೊಳ್ಳೋದನ್ನ ನಿಲ್ಲಿಸಬೇಡಿ. ಮನೆಯ ಹಿರಿಯರಿಗೆ ಆಸ್ಪತ್ರೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೊಮ್ಮಕ್ಕಳು ಅನುವಾದಿಸುವಾಗ ಆ ‘ಡೋಂಟ್’ ಕೈತಪ್ಪಿದರೆ ಕಷ್ಟ. ಸ್ಟಾಪ್ ಕೇಳಿದ ತಕ್ಷಣ ‘ನಿಲ್ಲಿಸಬೇಕಂತೆ’ ಅಂತ ತೀರ್ಮಾನ ಮಾಡಬೇಡಿ. ಅನುಮಾನ ಇದ್ದರೆ ‘ಶುಡ್ ಶಿ ಸ್ಟಾಪ್ ಆರ್ ಕಂಟಿನ್ಯೂ?’ ಅಂತ ತಿರುಗಿ ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಂತ 4: ‘ಹೋಗದ ಹಾಗೆ ತಡೆದರು’

ಇಲ್ಲಿಯವರೆಗೆ ನಾವೇ ಏನನ್ನೋ ನಿಲ್ಲಿಸಿದೆವು. ಇನ್ನೊಬ್ಬರನ್ನು ತಡೆಯುವಾಗ ಅಚ್ಚು ಬೇರೆ: ಸ್ಟಾಪ್, ಆಮೇಲೆ ಯಾರನ್ನು ಅನ್ನುವುದು, ಆಮೇಲೆ ‘ಫ್ರಮ್’, ಆಮೇಲೆ ಇಂಗ್ ರೂಪ. ‘ಪೊಲೀಸರು ಲಾರಿ ಘಾಟಿ ಇಳಿಯದ ಹಾಗೆ ತಡೆದರು’: ‘ದ ಪೊಲೀಸ್ ಸ್ಟಾಪ್ಟ್ ದ ಲಾರಿ ಫ್ರಮ್ ಗೋಯಿಂಗ್ ಡೌನ್ ದ ಘಾಟ್’.

ಕನ್ನಡದ ಬಾಲ ಇಲ್ಲಿ ‘ದ ಹಾಗೆ’. ಆ ‘ದ’ದಲ್ಲಿ ಇಲ್ಲ ಅನ್ನುವ ಅರ್ಥ ಸೇರಿಕೊಂಡಿದೆ: ಇಳಿಯದ, ಹೋಗದ, ಬರದ. ಅದನ್ನು ಇಂಗ್ಲಿಷಿಗೂ ಹಾಕಿ ‘ಸ್ಟಾಪ್ಟ್ ಹಿಮ್ ಫ್ರಮ್ ನಾಟ್ ಗೋಯಿಂಗ್’ ಅಂದರೆ ಹೋಗದೇ ಇರುವುದನ್ನು ತಡೆದರು, ಅಂದರೆ ಹೋಗುವ ಹಾಗೆ ಮಾಡಿದರು ಅಂತ ಆಗುತ್ತದೆ. ‘ಫ್ರಮ್’ ಆ ಕೆಲಸವನ್ನು ಆಗಲೇ ಮಾಡಿದೆ. ‘ನಾಟ್’ ಹಾಕಬೇಡಿ.

‘ಅಪ್ಪ ನನ್ನನ್ನು ಹೋಗೋಕೆ ಬಿಡಲಿಲ್ಲ’ ಅನ್ನುವಾಗ ಓಕೆ ಇದೆಯಲ್ಲ, ಟು ಬರಬೇಕಲ್ಲ ಅಂತ ಕೇಳುತ್ತಾರೆ. ಓಕೆಯ ಲೆಕ್ಕ ‘ನಿಂತೆ’ ಜೊತೆಗೆ ಇದ್ದಾಗ ಮಾತ್ರ. ‘ಬಿಡಲಿಲ್ಲ’ ಬಂದರೆ ಅದು ತಡೆದದ್ದು: ‘ಸ್ಟಾಪ್ಟ್ ಮಿ ಫ್ರಮ್ ಗೋಯಿಂಗ್’, ಇಲ್ಲವೇ ‘ಡಿಡಂಟ್ ಲೆಟ್ ಮಿ ಗೋ’. ‘ಸ್ಟಾಪ್ಟ್ ಮಿ ಟು ಗೋ’ ಮಾತ್ರ ಯಾವತ್ತೂ ಬೇಡ.

ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಫ್ರಮ್’ ಬಿಟ್ಟು ‘ನಥಿಂಗ್ ವಿಲ್ ಸ್ಟಾಪ್ ಮಿ ಗೋಯಿಂಗ್’ ಅಂತಲೂ ಅನ್ನುತ್ತಾರೆ, ಸಿನಿಮಾದಲ್ಲಿ ಕೇಳಿ ಗಾಬರಿಯಾಗಬೇಡಿ. ಆದರೆ ‘ಅವನನ್ನು ತಡೆಯಲಾಯಿತು’ ಅನ್ನುವ ರೀತಿಯಲ್ಲಿ ಫ್ರಮ್ ಬೇಕೇ ಬೇಕು: ‘ಹಿ ವಾಸ್ ಸ್ಟಾಪ್ಟ್ ಫ್ರಮ್ ಗೋಯಿಂಗ್’. ಯಾವಾಗಲೂ ಹಾಕಿಬಿಟ್ಟರೆ ತಲೆನೋವೇ ಇಲ್ಲ.

ಇನ್ನು ‘ಪ್ರಿವೆಂಟ್’ ಮತ್ತು ‘ಸ್ಟಾಪ್’. ಇದಕ್ಕೆ ಅಡಿಕೆ ಕಾಯಿಗೆ ಬರುವ ಕೊಳೆರೋಗದಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ ಅಡಿಕೆ ಗೊನೆಗೆ ಹೊಡೆಸುತ್ತೇವೆ. ಆಗ ಒಂದು ಕಾಯಿಯೂ ಕೊಳೆತಿರುವುದಿಲ್ಲ. ರೋಗ ಬರುವ ಮುಂಚೆಯೇ ಬಾಗಿಲು ಹಾಕಿದ್ದು. ಅದು ಪ್ರಿವೆಂಟ್: ‘ವಿ ಸ್ಪ್ರೇ ಬೋರ್ಡೋ ಟು ಪ್ರಿವೆಂಟ್ ಕೊಳೆರೋಗ’. ಆಷಾಢದಲ್ಲಿ ಮಳೆ ಬಿಡುವೇ ಕೊಡದೆ, ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದು, ತೊಟ್ಟಿನ ಹತ್ತಿರ ನೀರು ತುಂಬಿದ ಹಾಗೆ ಕಲೆ ಕಂಡಿತು ಅಂತ ಇಟ್ಟುಕೊಳ್ಳಿ. ಈಗ ರೋಗ ಬಂದಾಗಿದೆ. ಇನ್ನು ಆಗಬೇಕಾದ್ದು ಹರಡದ ಹಾಗೆ ನೋಡಿಕೊಳ್ಳುವುದು: ‘ವಿ ಆರ್ ಟ್ರೈಯಿಂಗ್ ಟು ಸ್ಟಾಪ್ ಇಟ್ ಫ್ರಮ್ ಸ್ಪ್ರೆಡಿಂಗ್’. ಪ್ರಿವೆಂಟ್ ಬಾಗಿಲಲ್ಲೇ ತಡೆಯುತ್ತದೆ. ಸ್ಟಾಪ್ ಬಾಗಿಲಲ್ಲೂ ತಡೆಯಬಹುದು, ಒಳಗೆ ಬಂದದ್ದನ್ನೂ ಹಿಡಿಯಬಹುದು. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗುವವರು ಹಚ್ಚಿಕೊಳ್ಳುವ ಎಣ್ಣೆಯ ಬಗ್ಗೆ ‘ದಿಸ್ ಆಯಿಲ್ ಸ್ಟಾಪ್ಸ್ ಟಿಕ್ಸ್ ಫ್ರಮ್ ಬೈಟಿಂಗ್’ ಅನ್ನಬಹುದು, ಟಿಕ್ಸ್ ಅಂದರೆ ಉಣುಗು. ಪ್ರಿವೆಂಟ್ಸ್ ಅಂದರೂ ಸರಿಯೇ.

ಹೀಗೆ ಒಂದೇ ಪದಕ್ಕೆ ನಿಲ್ಲುವ ಅರ್ಥವೂ ತಡೆಯುವ ಅರ್ಥವೂ ಯಾಕೆ ಬಂತು? ಸ್ಟಾಪ್‌ನ ಹಳೆಯ ಅರ್ಥ ತೂತು ಮುಚ್ಚುವುದು. ಲ್ಯಾಟಿನ್ನಿನಲ್ಲಿ ‘ಸ್ಟುಪ್ಪ’ ಅಂದರೆ ಒರಟು ನಾರು. ನಾರು ತುರುಕಿ ಸಂದು ಮುಚ್ಚುವುದಕ್ಕೆ ಇದ್ದ ಪದವೇ ಮುಂದೆ ಸ್ಟಾಪ್ ಆಯಿತು. ಬಾಟಲಿಯ ಬಿರಡೆಗೆ ‘ಸ್ಟಾಪರ್’ ಅನ್ನುವುದು, ಪೈಪಿನಲ್ಲಿ ನೀರು ಕಟ್ಟುವ ನಲ್ಲಿಗೆ ‘ಸ್ಟಾಪ್‌ಕಾಕ್’ ಅನ್ನುವುದು ಇದೇ ಕಾರಣಕ್ಕೆ. ಮೊದಲು ಮುಚ್ಚಿದರು, ಮುಚ್ಚಿದ್ದರಿಂದ ತಡೆ ಆಯಿತು, ತಡೆದದ್ದು ನಿಂತಿತು. ಈ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲ ಅರ್ಥಗಳೂ ಒಂದೇ ದಾರದಲ್ಲಿ ಸಿಗುತ್ತವೆ.

ಹಂತ 5: ಅಕ್ಕಪಕ್ಕದ ಪದಗಳು

ಎಲ್ಲ ಕಡೆ ಸ್ಟಾಪ್ ಹಾಕಿದರೆ ಕೆಲಸ ನಡೆಯುತ್ತದೆ, ಆದರೆ ಸರಿಯಾದ ಪದ ಸಿಕ್ಕರೆ ಒಂದು ವಾಕ್ಯ ಉಳಿಯುತ್ತದೆ.

ಚಟ ಬಿಡುವುದಕ್ಕೆ ‘ಗಿವ್ ಅಪ್’ ಅಥವಾ ‘ಕ್ವಿಟ್’. ಬೀಡಿ ಬಿಟ್ಟ, ‘ಹಿ ಗೇವ್ ಅಪ್ ಸ್ಮೋಕಿಂಗ್’. ಇಲ್ಲೂ ಇಂಗ್ ರೂಪವೇ. ಕೆಲಸ ಬಿಟ್ಟೆ ಅನ್ನುವುದಕ್ಕೂ ಕ್ವಿಟ್ ಇದೆ, ಆದರೆ ಇಂಟರ್‌ವ್ಯೂನಲ್ಲಿ ‘ಐ ಲೆಫ್ಟ್’ ಅನ್ನಿ, ಕ್ವಿಟ್ ಸ್ವಲ್ಪ ಒರಟು.

ಶುರುವಾಗುವ ಮುಂಚೆಯೇ ಬೇಡ ಅಂದರೆ ‘ಕ್ಯಾನ್ಸಲ್’. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಮುಂದುವರಿಸುವುದಾದರೆ ‘ಪಾಝ್’. ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ತಾತ್ಕಾಲಿಕವಾಗಿ ನಿಂತರೆ ‘ಟ್ರಾಫಿಕ್ ಹ್ಯಾಸ್ ಬೀನ್ ಸಸ್ಪೆಂಡೆಡ್’. ಒಂದು ಸೇವೆ ಇನ್ನು ಮುಂದೆ ಇಲ್ಲವೇ ಇಲ್ಲ ಅಂದರೆ ‘ಡಿಸ್ಕಂಟಿನ್ಯೂಡ್’. ನಮ್ಮ ದೇಶದ ಟೆಲಿಗ್ರಾಂ 2013ರ ಜುಲೈನಲ್ಲಿ ಹಾಗೆ ಮುಗಿಯಿತು. ಹಳೆಯ ಟೆಲಿಗ್ರಾಂನಲ್ಲಿ ವಾಕ್ಯ ಮುಗಿದ ಕಡೆ ಚುಕ್ಕೆಯ ಬದಲು ‘ಸ್ಟಾಪ್’ ಅಂತ ಪದವನ್ನೇ ಹಾಕುವ ರೂಢಿ ಇತ್ತು, ಹಾಗಾಗಿ ಈ ಪದವನ್ನು ಹಿರಿಯರು ಹಾಗೂ ಕಂಡಿರುತ್ತಾರೆ.

‘ಹಾಲ್ಟ್’ ರೈಲಿನವರ, ಪೊಲೀಸರ ಪದ. ನಮ್ಮ ಹಳ್ಳಿಗಳ ‘ನೈಟ್ ಹಾಲ್ಟ್ ಬಸ್’ ಅಂದರೆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಮೊದಲು ಹೊರಡುವ ಬಸ್. ಹೊರಗಿನವರಿಗೆ ಹೇಳುವಾಗ ‘ದ ಬಸ್ ಸ್ಟೇಸ್ ಹಿಯರ್ ಓವರ್‌ನೈಟ್’ ಅಂದರೆ ಬೇಗ ಅರ್ಥವಾಗುತ್ತದೆ. ರೈಲು ತಾಳಗುಪ್ಪದಲ್ಲಿ ಸುಮ್ನೆ ‘ಸ್ಟಾಪ್’ ಆಗುವುದಿಲ್ಲ, ಹಳಿಯೇ ಅಲ್ಲಿಗೆ ಮುಗಿಯುತ್ತದೆ. ಅದಕ್ಕೆ ‘ಟರ್ಮಿನೇಟ್ಸ್ ಅಟ್ ತಾಳಗುಪ್ಪ’.

ಬ್ಯಾಂಕಿನಲ್ಲಿ ‘ಸ್ಟಾಪ್ ಪೇಮೆಂಟ್’ ಅಂತ ಒಂದಿದೆ. ನೀವು ಬರೆದುಕೊಟ್ಟ ಚೆಕ್‌ಗೆ ಹಣ ಕೊಡಬೇಡಿ ಅಂತ ನೀವೇ ಬ್ಯಾಂಕಿಗೆ ಹೇಳುವುದು. ಚೆಕ್ ಕಳೆದುಹೋದಾಗ ಬೇಕಾಗುತ್ತದೆ. ಪತ್ರದಲ್ಲಿ ‘ಪ್ಲೀಸ್ ಸ್ಟಾಪ್ ಪೇಮೆಂಟ್ ಆಫ್ ಚೆಕ್ ನಂಬರ್’ ಅಂತ ಬರೆದು ನಂಬರ್ ಹಾಕಿ. ‘ಸ್ಟಾಪ್ ಟು ಪೇ’ ಅಂತ ಬರೆಯಬೇಡಿ.

ಹಂತ 6: ಪಕ್ಕದಲ್ಲಿ ಕೂರುವ ಪುಟ್ಟ ಪದಗಳು

‘ಸ್ಟಾಪ್ ಬೈ’ ಅಂದರೆ ಸುಮ್ನೆ ಒಂದು ಗಳಿಗೆ ಮನೆಗೆ ಬಂದು ಹೋಗುವುದು. ‘ಸ್ಟಾಪ್ ಆಫ್’ ಅಂದರೆ ಹೋಗುವ ದಾರಿಯಲ್ಲಿ ಇಳಿದು ನೋಡಿ ಮುಂದೆ ಹೋಗುವುದು. ತೀರ್ಥಹಳ್ಳಿಗೆ ಹೋಗುವಾಗ ಆನೆ ನೋಡೋಣ ಅಂತ ಇಳಿದರೆ ‘ವಿ ಸ್ಟಾಪ್ಟ್ ಆಫ್ ಅಟ್ ಸಕ್ರೆಬೈಲು’. ದೂರದ ಪ್ರಯಾಣದ ನಡುವೆ ಒಂದು ರಾತ್ರಿ ತಂಗಿದರೆ ‘ಸ್ಟಾಪ್ ಓವರ್’. ‘ಸ್ಟಾಪ್ ಅಪ್’ ಅಂದರೆ ಆ ಹಳೆಯ ಅರ್ಥ, ತೂತು ಮುಚ್ಚು. ‘ಕಾಂಟ್ ಸ್ಟಾಪ್ ಲಾಫಿಂಗ್’ ಅಂದರೆ ನಗು ತಡೆಯೋಕೇ ಆಗ್ತಿಲ್ಲ.

‘ಬಸ್ ಸ್ಟಾಪ್’, ‘ಬಸ್ ಸ್ಟ್ಯಾಂಡ್’ ಬೇರೆ ಬೇರೆ. ರಸ್ತೆ ಬದಿಯ ನಿಲುಗಡೆ ಸ್ಟಾಪ್. ಬಸ್ಸುಗಳು ಬಂದು ನಿಂತು ಹೊರಡುವ ದೊಡ್ಡ ಜಾಗ ನಮ್ಮಲ್ಲಿ ಸ್ಟ್ಯಾಂಡ್, ಹೊರದೇಶದಲ್ಲಿ ಜಾಸ್ತಿ ‘ಬಸ್ ಸ್ಟೇಷನ್’.

ಹಂತ 7: ಬರೆಯುವುದು, ಉಚ್ಚರಿಸುವುದು

ಬರೆಯುವಾಗ ಇಂಗ್ ಅಥವಾ ಇಡಿ ಸೇರಿದರೆ ‘ಪಿ’ ಎರಡು ಸಲ. ಎಸ್ ಸೇರಿದರೆ ಒಂದೇ ಸಲ. ಓದುವಾಗ ಭೂತಕಾಲ ‘ಸ್ಟಾಪೆಡ್’ ಅಲ್ಲ, ‘ಸ್ಟಾಪ್ಟ್’, ಒಂದೇ ಉಸಿರಿನಲ್ಲಿ. ಶುರುವಿನಲ್ಲಿ ‘ಇ’ ಸೇರಿಸಿ ‘ಇಸ್ಟಾಪ್’ ಮಾಡಬೇಡಿ.

ಬೇಗ ಮಾತಾಡುವವರ ಬಾಯಲ್ಲಿ ‘ಸ್ಟಾಪ್ ಟು’, ‘ಸ್ಟಾಪ್ಟ್ ಟು’ ಎರಡೂ ಒಂದೇ ಥರ ಕೇಳುತ್ತವೆ. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ಪದಕ್ಕೆ ಇಂಗ್ ಇದೆಯಾ ಇಲ್ಲವಾ, ಅಷ್ಟಕ್ಕೆ ಕಿವಿ ಕೊಡಿ.

ಹಂತ 8: ಯಾರಿಗೆ ಹೇಳುತ್ತಿದ್ದೀರಿ ಅಂತ ನೋಡಿ

ಕನ್ನಡದಲ್ಲಿ ‘ಸ್ವಲ್ಪ ನಿಲ್ಸಿ ಅಣ್ಣಾ’ ಅಂದರೆ ಗೌರವ ಅದರಲ್ಲೇ ಬಂತು. ಇಂಗ್ಲಿಷಿನಲ್ಲಿ ಬರೀ ‘ಸ್ಟಾಪ್’ ಅಂದರೆ ಗದರಿದ ಹಾಗೆ. ‘ಕುಡ್ ಯು ಸ್ಟಾಪ್ ಹಿಯರ್, ಪ್ಲೀಸ್?’ ಅನ್ನಿ. ‘ಸ್ಟಾಪ್ ಇಟ್’ ಮಕ್ಕಳಿಗೆ ಮಾತ್ರ, ಅತಿಥಿಗಳಿಗಲ್ಲ, ಹಿರಿಯರಿಗಂತೂ ಅಲ್ಲವೇ ಅಲ್ಲ.

ಊಟದ ಎಲೆಯ ಮುಂದೆ ಕೂತಾಗ ಮತ್ತೆ ಮತ್ತೆ ಬಡಿಸುತ್ತಿದ್ದರೆ ‘ಸಾಕು ಸಾಕು’ ಅಂತ ಕೈ ಅಡ್ಡ ಹಿಡಿಯುತ್ತೇವಲ್ಲ, ಅದಕ್ಕೆ ‘ಸ್ಟಾಪ್ ಸ್ಟಾಪ್’ ಅಲ್ಲ. ‘ದಟ್ಸ್ ಇನಫ್, ಥ್ಯಾಂಕ್ ಯು’. ಹೋಂಸ್ಟೇ ನಡೆಸುವವರು ನಿಮ್ಮ ಅತಿಥಿಗಳ ಬಾಯಲ್ಲಿ ಇದನ್ನೇ ಕೇಳುತ್ತೀರಿ.

ಈಗ ನೀವು ಬರೆಯಿರಿ

ಉತ್ತರ ಕೈಯಿಂದ ಮುಚ್ಚಿಕೊಂಡು ಬರೆಯಿರಿ. ಮೊದಲು ಬಾಲದ ಕೆಳಗೆ ಗೆರೆ ಎಳೆಯಿರಿ.

1. ಟೀ ಕುಡಿಯೋಕೆ ಆಯನೂರಿನಲ್ಲಿ ನಿಂತೆವು.
2. ಅಮ್ಮ ಟೀ ಕುಡಿಯೋದನ್ನ ನಿಲ್ಲಿಸಿದ್ದಾರೆ.
3. ಗದ್ದೆಯಲ್ಲಿ ನೀರು ನಿಂತಿದೆ.
4. ದನ ತೋಟಕ್ಕೆ ನುಗ್ಗದ ಹಾಗೆ ಬೇಲಿ ತಡೆಯುತ್ತದೆ.
5. ಮಳೆ ನೋಡ್ತಾ ನಿಂತೆ.
6. ಇಲ್ಲಿ ಪ್ಲಾಸ್ಟಿಕ್ ಎಸೆಯುವುದನ್ನು ನಿಲ್ಲಿಸಿ.

ಉತ್ತರಗಳು:

1. ‘ವಿ ಸ್ಟಾಪ್ಟ್ ಅಟ್ ಆಯನೂರು ಟು ಡ್ರಿಂಕ್ ಟೀ.’ ನಡುವೆ ಊರಿನ ಹೆಸರು ಬಂದರೂ ಟು ಬದಲಾಗುವುದಿಲ್ಲ.
2. ‘ಅಮ್ಮ ಹ್ಯಾಸ್ ಸ್ಟಾಪ್ಟ್ ಡ್ರಿಂಕಿಂಗ್ ಟೀ.’
3. ‘ವಾಟರ್ ಈಸ್ ಸ್ಟ್ಯಾಂಡಿಂಗ್ ಇನ್ ದ ಫೀಲ್ಡ್.’
4. ‘ದ ಫೆನ್ಸ್ ಸ್ಟಾಪ್ಸ್ ಕ್ಯಾಟಲ್ ಫ್ರಮ್ ಗೆಟಿಂಗ್ ಇಂಟು ದ ಗಾರ್ಡನ್.’ ‘ನಾಟ್’ ಹಾಕಿದ್ದರೆ ಹಂತ 4 ಇನ್ನೊಮ್ಮೆ ಓದಿ.
5. ‘ಐ ಸ್ಟುಡ್ ವಾಚಿಂಗ್ ದ ರೈನ್.’
6. ‘ಪ್ಲೀಸ್ ಸ್ಟಾಪ್ ಥ್ರೋಯಿಂಗ್ ಪ್ಲಾಸ್ಟಿಕ್ ಹಿಯರ್.’ ವ್ಯಾಕರಣ ಸರಿ. ಆದರೆ ಬೋರ್ಡಿಗೆ ನಾನಾದರೆ ಇದನ್ನು ಹಾಕುವುದಿಲ್ಲ. ‘ಸ್ಟಾಪ್ ಥ್ರೋಯಿಂಗ್’ ಅಂದರೆ ನೀವು ಈಗಾಗಲೇ ಎಸೆಯುತ್ತಿದ್ದೀರಿ ಅಂತ ಅರ್ಥ. ಬೆಳಿಗ್ಗೆ ಮೊದಲ ಸಲ ಹಳ್ಳ ನೋಡೋಕೆ ಬಂದ, ಕೈಯಲ್ಲಿ ಏನೂ ಇಲ್ಲದ ಮನುಷ್ಯನಿಗೂ ಅದು ಚುಚ್ಚುತ್ತದೆ. ‘ಪ್ಲೀಸ್ ಡು ನಾಟ್ ಥ್ರೋ ಪ್ಲಾಸ್ಟಿಕ್ ಹಿಯರ್’ ಅಂತ ಬರೆಸಿ. ಅದರ ಮೇಲೆ, ಇನ್ನೂ ದೊಡ್ಡ ಅಕ್ಷರದಲ್ಲಿ, ‘ಇಲ್ಲಿ ಪ್ಲಾಸ್ಟಿಕ್ ಎಸೆಯಬೇಡಿ’ ಅಂತ ಕನ್ನಡದಲ್ಲೂ ಬರೆಸಿ.